ನೆವಿಲ್ ಕಂಪ್ಯೂಟರಿನಲ್ಲಿ ಹರಿಸಿದ ನದಿ

ಥೆಲ್ಮಾಳ ಅಳಿಯ ನೆವಿಲ್‌ಗೆ ನದಿಯನ್ನು ಕಂಡರೆ ಆಗುತ್ತಿರಲಿಲ್ಲ. ಕೆಸರು, ಸೊಳ್ಳೆ, ಸತ್ತ ಮೀನಿನ ನಾತ ಎಂದು ಮೂಗು ಮುರಿಯುತ್ತಿದ್ದ. ಹೊಟ್ಟೆಪಾಡು ಮಾತ್ರ ಅದೇ ನದಿಯಿಂದ. ಬೇರೆ ಮನೆ ಸಿಗುವ ತನಕ ಎಂದು ಹೆಂಡತಿ ರಾಸ್ಲಿನ್ ಜೊತೆ ಬಂದವನು ಅತ್ತೆಯ ಮುಂಗೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ತಳವೂರಿಬಿಟ್ಟಿದ್ದ. ಮನೆ ಹುಡುಕುವ ಮಾತು ಆಮೇಲೆ ಎತ್ತಿದವನೇ ಅಲ್ಲ.

ನೀರಿನ ಕಚೇರಿಯವರು ಇಡೀ ಕಣಿವೆಗೆ ಒಂದೇ ಯೋಜನೆ ಮಾಡಲು ಹೊರಟಿದ್ದರು. ಮೇಲ್ಗಡೆಯ ಹತ್ತಿಯವರಿಗೆ ಎಷ್ಟು, ಕೆಳಗಿನ ಕುರಿಯವರಿಗೆ ಎಷ್ಟು, ಮೀನಿಗೆ ಎಷ್ಟು, ಊರಿನ ನಲ್ಲಿಗೆ ಎಷ್ಟು ಎಂದು ನದಿಯನ್ನು ಕಂಪ್ಯೂಟರಿನೊಳಗೆ ಹರಿಸಿ ನೋಡುವ ಕೆಲಸ ನೆವಿಲ್‌ನದು. ಒಬ್ಬೊಬ್ಬರ ಪಾಲಿಗೂ ಪರದೆಯ ಮೇಲೆ ಒಂದೊಂದು ಬಣ್ಣದ ಪಟ್ಟಿ. ಊರಿನದು ನೀಲಿ.

ಥೆಲ್ಮಾಳಿಗೆ ಬೇಕಾಗಿದ್ದದ್ದು ಆ ನೀಲಿ ಒಂದೇ. ಹಿತ್ತಿಲಲ್ಲಿ ಅವಳ ತೀರಿಹೋದ ಗಂಡ ಮರ್ವ್ ನೆಟ್ಟ ಕಿತ್ತಳೆ ಮರಗಳಿದ್ದವು. ನದಿಗೆ ಕಟ್ಟಿದ ಊರಿನ ಅಡ್ಡಗಟ್ಟೆಯಲ್ಲಿ ನೀರು ಇಳಿದರೆ ಮೊದಲು ನಿಲ್ಲಿಸುವುದು ತೋಟದ ನೀರನ್ನೇ. ಆ ದೇಶದಲ್ಲಿ ಫೆಬ್ರವರಿ ಎಂದರೆ ಕಡುಬೇಸಿಗೆ; ಆ ಬಿಸಿಲಿಗೆ ನೀರಿಲ್ಲದೆ ಕಿತ್ತಳೆ ಉಳಿಯುವುದಿಲ್ಲ.

ಒಂದು ಸಂಜೆ ಹತ್ತಿ ಬೆಳೆಯುವ ಡೂಲನ್ ಬಂದು, ಅವಳ ಜಗಲಿಯಲ್ಲಿ ಬೂಟುಗಾಲು ಚಾಚಿ ಬಿಯರ್ ಹಿಡಿದು ಕೂತ.

“ಲೋ ನೆವ್, ನಮ್ಮ ಪಟ್ಟಿ ಯಾಕೋ ಜ್ವರ ಬಂದೆದ್ದವನ ಥರ ಇದೆಯಲ್ಲೋ. ಸ್ವಲ್ಪ ಮೈ ಬರಿಸು ಮಾರಾಯ.”

“ನಿಂದು ಮೈ ಬಂದ್ರೆ ಊರಿಂದು ಸೊರಗುತ್ತೆ.”

“ಊರಿಂದ ಯಾಕೆ ಕೀಳ್ತೀಯ? ಬೇರೆ ಎಲ್ಲಿಂದಾದ್ರೂ ತಾ.”

ಬೇರೆ ಎಲ್ಲಿಂದ ಎಂಬುದು ನೆವಿಲ್‌ಗೆ ಗೊತ್ತಿತ್ತು. ಮೇಲಿನ ಅಳತೆಗಂಬ ದಾಟಿದ ನೀರೆಲ್ಲ ಕೆಳಗಿನ ಕಂಬ ತಲುಪುವುದಿಲ್ಲ. ದಾರಿಯಲ್ಲಿ ಬಿಸಿಲು, ಮರಳು, ದಡದ ನೀಲಗಿರಿ ಮರಗಳು ಕುಡಿದುಬಿಡುತ್ತವೆ. ಅದಕ್ಕೆಲ್ಲ ಸೇರಿಸಿ ‘ನಷ್ಟ’ ಎಂದು ಒಂದು ಅಂಕಿ ಹಾಕುವುದು ಆ ಕೆಲಸದವರ ರೂಢಿ. ಆ ಅಂಕಿಯ ಪರವಾಗಿ ಜಗಳಕ್ಕೆ ಬರುವವರು ಯಾರು? ಮರಳು ಸಭೆಗೆ ಬರುವುದಿಲ್ಲವಲ್ಲ. ನೆವಿಲ್ ಒಳಗೆ ಹೋಗಿ ನಷ್ಟವನ್ನು ಅರ್ಧ ಮಾಡಿದ. ಡೂಲನ್‌ನ ಪಟ್ಟಿ ಉಬ್ಬಿತು. ನೀಲಿಯೂ ಉಬ್ಬಿತು, ಮೀನಿನದೂ ಉಬ್ಬಿತು.

ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತ ಪರದೆಯನ್ನೇ ನೋಡುತ್ತಿದ್ದ ಥೆಲ್ಮಾ ಕೇಳಿದಳು: “ಅಂದ್ರೆ ಮರಳು ನಾಳೆಯಿಂದ ಕುಡಿಯೋದು ಬಿಡ್ತಾ?”

“ಥೆಲ್, ಇದಕ್ಕೆ ಕಂಪ್ಯೂಟರ್ ಮಾದರಿ ಅಂತಾರೆ. ನಿಂಗೆ ಅರ್ಥ ಆಗಲ್ಲ ಬಿಡು.”

ಅರ್ಥವಾಗದೇ ಇರಲು ಅದರಲ್ಲಿ ಏನಿತ್ತು? ಇಸ್ಪೀಟಿನಲ್ಲಿ ಸೋತಾಗಲೆಲ್ಲ ನಿಯಮ ಬದಲಾಯಿಸುವ ಗಂಡಸು ಅವನು. ಮನೆಯಲ್ಲಿ ರಾಸ್ಲಿನ್‌ಳನ್ನೂ ಸೇರಿಸಿ ಯಾರೂ ಅವನ ಜೊತೆ ಆಡುತ್ತಿರಲಿಲ್ಲ.

ಕ್ಲಬ್ಬಿನಲ್ಲಿ ಸಭೆ ನಡೆಯಿತು. ಗೋಡೆಯ ಮೇಲೆ ಬಣ್ಣದ ಪಟ್ಟಿಗಳು ಕೊಬ್ಬಿದ ಹಂದಿಗಳಂತೆ ಸಾಲಾಗಿ ಮಲಗಿದ್ದವು. ಹತ್ತಿಯವರು ತಲೆ ಆಡಿಸಿದರು, ಕುರಿಯವರೂ ಆಡಿಸಿದರು, ಮೀನಿನ ಪರ ಬಂದಿದ್ದ ಹೆಂಗಸಂತೂ ಚಪ್ಪಾಳೆಯನ್ನೇ ತಟ್ಟಿದಳು. ಹುಟ್ಟಿದಾಗಿನಿಂದ ಕಚ್ಚಾಡಿಕೊಂಡು ಬಂದ ಜನ ಅಂದು ಒಬ್ಬರ ಬೆನ್ನು ಒಬ್ಬರು ತಟ್ಟಿದರು.

ಥೆಲ್ಮಾ ಎದ್ದು ನಿಂತಳು. “ಫೆಬ್ರವರೀಲಿ ನನ್ನ ಕಿತ್ತಳೆಗೆ ನೀರಿರುತ್ತಾ? ಇರುತ್ತೆ, ಇಲ್ಲ, ಅಷ್ಟೇ ಹೇಳು.”

ನೆವಿಲ್ ಡೂಲನ್‌ನ ಮುಖ ನೋಡಿದ. ನೆವಿಲ್‌ನ ಕಿವಿಗಳು ಕೆಂಪಾದವು. “ನೀಲಿ ನೋಡು ಥೆಲ್, ಎಷ್ಟು ದಪ್ಪ ಇದೆ!”

“ನಾನು ಬಣ್ಣ ಕೇಳಲಿಲ್ಲ. ಆ ನಷ್ಟಾನ ಯಾಕೆ ಅರ್ಧ ಮಾಡ್ದೆ, ಅದನ್ನೂ ಹೇಳು.”

“ನೆವ್ ಅತ್ತೆಗೆ ಒಂದು ಸಾಸೇಜ್ ಕೊಡ್ರಯ್ಯಾ, ಹಸಿವಾಗಿರಬೇಕು!” ಎಂದ ಡೂಲನ್. ಸಭೆ ಗೊಳ್ಳೆಂದು ನಕ್ಕಿತು. ಅಳಿಯನೂ ನಕ್ಕ. ಯೋಜನೆ ಪಾಸಾಯಿತು.

ಸೆಪ್ಟೆಂಬರಿನ ವಸಂತದಲ್ಲಿ ಬಂದ ಮೊದಲ ನೀರನ್ನು ಹತ್ತಿಯವರ ಪಂಪುಗಳು ಯೋಜನೆ ಹೇಳಿದಂತೆಯೇ ಎಳೆದುಕೊಂಡವು. ಮಿಕ್ಕದ್ದನ್ನು ಮರಳು ಹಿಂದಿನಂತೆಯೇ ಕುಡಿಯಿತು. ಅಡ್ಡಗಟ್ಟೆಯಲ್ಲಿ ಹಸಿರು ಪಾಚಿಯಷ್ಟೇ ಉಳಿಯಿತು. ಫೆಬ್ರವರಿಗೆ ಊರಿಗೆ ಲಾರಿಯಲ್ಲಿ ನೀರು ಬರತೊಡಗಿತು, ಮನೆಗೆ ಇಷ್ಟು ಬಕೆಟ್ ಎಂದು. ಕಿತ್ತಳೆ ಎಲೆಗಳು ದೋಣಿಯಂತೆ ಮುದುಡಿ ಉದುರಿದವು.

ಮುಂಗೋಣೆಯಿಂದ ನೆವಿಲ್ ಕೂಗಿದ. ದನಿಯಲ್ಲಿ ಹಬ್ಬದ ಸಂಭ್ರಮ.

“ಥೆಲ್, ಬಾ ಇಲ್ಲಿ! ನಷ್ಟಾನ ಮೊದಲಿನ ಹಾಗೇ ಹಾಕ್ದೆ. ಈಗ ನಿಜವಾದ ನದಿಗೆ ಕರೆಕ್ಟಾಗಿ ಕೂತಿದೆ! ಅಡ್ಡಗಟ್ಟೆ ಒಣಗಿದ ವಾರ ಕೂಡ ಸರಿಯಾಗಿ ಬಂದಿದೆ ನೋಡು!”

ಒಣಗಿಹೋದ ಮೇಲೆ ಒಣಗಿತು ಎಂದು ಹೇಳಿದ್ದಕ್ಕೆ ಅವನಿಗೆ ಅಷ್ಟು ಹಿಗ್ಗು. ಥೆಲ್ಮಾ ಬಾಗಿಲಿಗೆ ಬಂದು ನಿಂತಳು. ಅವಳ ಕಡೆ ತಿರುಗಿಯೂ ನೋಡದೆ ಕೈ ಚಾಚಿ, “ಒಂದು ಟೀ ಕೊಡ್ತೀಯಾ?” ಎಂದ.

ಅವಳು ಕಪ್ ತಂದು ಮುಂದಿಟ್ಟಳು. ನೆವಿಲ್ ಪರದೆಯಿಂದ ಕಣ್ಣು ಕೀಳದೆ ಎತ್ತಿ ತುಟಿಗೆ ಹಚ್ಚಿದ. ಕಪ್ ಬರಿದಾಗಿತ್ತು.

“ಇದರಲ್ಲಿ ಏನೂ ಇಲ್ವಲ್ಲ!”

“ಕಂಪ್ಯೂಟರಲ್ಲಿ ಹಾಕ್ಕೋ, ತುಂಬುತ್ತೆ.”

ಕೆಟಲಿನಲ್ಲಿ ಕಾಯಿಸದೆ ಇಟ್ಟಿದ್ದ ಅವನ ಪಾಲಿನ ನೀರನ್ನು ಅವಳು ಹಿತ್ತಿಲಿಗೆ ಒಯ್ದಳು. ಇನ್ನೂ ಹಸಿರು ಉಳಿದಿದ್ದ ಒಂದು ಮರದ ಬುಡಕ್ಕೆ ಸುರಿದಳು. ಮಣ್ಣು ಅದನ್ನು ಕಣ್ಣೆದುರೇ ಹೀರಿಕೊಂಡಿತು.