ಡಬ್ಬದ ಅಂಚಿನಲ್ಲಿ ನಾಕು ಬೆರಳು

ನಾನು ಏನು ಕೆಲಸ ಮಾಡ್ತೀನಿ ಅಂತ ಯಾರಾದರೂ ಕೇಳಿದರೆ ನನ್ನ ಗಂಡ, ಡಬ್ಬ ಹಿಡ್ಕತಾಳೆ ಅನ್ನೋನು. ಅಷ್ಟೇ. ಕೇಳಿದೋರು ಕಿಸಕ್ಕನೆ ನಗೋರು. ನನಗೆ ಮೈಯೆಲ್ಲ ಉರಿದುಹೋಗೋದು.

ಚಿನಕುರಳಿಯಿಂದ ಪಾಂಡವಪುರಕ್ಕೆ ಹೋಗೋ ದಾರೀಲಿ ಒಂದು ತಗಡಿನ ಶೆಡ್ಡು. ಪಂಪ್‌ಸೆಟ್ಟಿನ ಸ್ಟಾರ್ಟರ್ ಕೂರಿಸೋಕೆ ಬೇಕಾದ ಕಬ್ಬಿಣದ ಡಬ್ಬಗಳನ್ನ ಅಲ್ಲಿ ಮಾಡ್ತಾರೆ. ಗದ್ದೆ ಬದೀಲಿ ಕಂಬಕ್ಕೆ ಬಿಗಿದಿರ್ತಾರಲ್ಲ, ಅವೇ. ದೊಡ್ಡ ಡಬ್ಬಗಳು ನೆಲದ ಮೇಲೆ ತಾವಾಗೇ ನಿಲ್ತಾವೆ. ಚಿಕ್ಕವು ಊಟದ ಡಬ್ಬಿಗಿಂತ ಒಂಚೂರು ದೊಡ್ಡವು, ಬಲು ಹಗುರ. ಬಣ್ಣದ ಗನ್ನಿನ ಗಾಳಿ ಮಗ್ಗುಲಿಗೆ ತಗುಲಿದರೆ ಸಾಕು, ಉರುಳಿ ಬಿದ್ದು ಹಸಿ ಬಣ್ಣಕ್ಕೆಲ್ಲ ಮಣ್ಣು ಮೆತ್ತಿಕೊಳ್ತದೆ. ತಂತಿಗೆ ನೇತು ಹಾಕಿದರೆ ಉಯ್ಯಾಲೆ ಆಡ್ತಾವೆ. ಅದಕ್ಕೇ ಒಬ್ಬರು ಡಬ್ಬದ ಬಾಯಿಗೆ ಕೈ ತೂರಿಸಿ, ಅಂಚನ್ನ ಗಟ್ಟಿಯಾಗಿ ಹಿಡಿದು, ಒಂದೊಂದೇ ಮಗ್ಗುಲು ತಿರುಗಿಸಿ ತೋರಿಸಬೇಕು. ಆ ಒಬ್ಬರು ನಾನು. ಗನ್ನು ಹಿಡಿಯೋನು ಪೇಂಟರು.

ನನಗೆ ಆ ಗನ್ನು ಬೇಕಾಗಿತ್ತು. ಅದರಲ್ಲೇನು ಮುಚ್ಚುಮರೆ? ಅವನು ಬೀಡಿ ಸೇದೋಕೆ ಹೊರಗೆ ಹೋದಾಗೆಲ್ಲ ಹಳೇ ತಗಡಿನ ಮೇಲೆ ಹೊಡೆದು ಹೊಡೆದು ಕೈ ಪಳಗಿಸಿಕೊಂಡಿದ್ದೆ. ಶೆಡ್ಡಿನ ಯಜಮಾನರನ್ನ ಬಾಯಿಬಿಟ್ಟು ಕೇಳಿಯೂ ಇದ್ದೆ. ಹೆಂಗಸರಿಗೆ ಅದೆಲ್ಲ ಯಾಕಮ್ಮ, ಹಿಡ್ಕೊಳ್ಳೋದೇ ಸಲೀಸು ಅಂದಿದ್ದರು. ಸಲೀಸಂತೆ. ಗ್ಲೌಸ್ ಹಾಕಿದರೆ ಹಸಿ ಬಣ್ಣಕ್ಕೆ ಅಂಟಿಕೊಂಡು ಕಿತ್ತು ಬರ್ತಿತ್ತು. ಬರಿಗೈಲಿ ಹಿಡಿದರೆ ಮೊಣಕೈವರೆಗೂ ಬೂದಿ ಬಣ್ಣ. ಥಿನ್ನರ್ ಹಾಕಿ ಉಜ್ಜಿದರೆ ಚರ್ಮ ಸುಲಿದ ಹಾಗೆ ಉರಿ, ಉಗುರಿನ ಸಂದಿಯದಂತೂ ಬಿಡ್ತಾನೇ ಇರಲಿಲ್ಲ.

ಕೆ.ಆರ್. ಪೇಟೇಲಿ ತಂಗಿ ಮಗೂಗೆ ಹೆಸರಿಡೋ ದಿನ, ಅವಳ ಗಂಡನ ಕಡೆಯ ಹೆಂಗಸೊಬ್ಬಳು ಆ ಕೈಲಿ ಮಗೀನ ಮುಟ್ಟಬೇಡ ಅಂತ ಎಲ್ಲರ ಮುಂದೇನೇ ಅಂದುಬಿಟ್ಟಳು. ನಾನು ತೊಟ್ಟಿಲಿಂದ ಎತ್ತಿಕೊಂಡೇಬಿಟ್ಟೆ. ಮಗು ನನ್ನ ನೋಡಿ ನಕ್ಕಿತು ಅಂತ ಸುಳ್ಳು ಹೇಳಲ್ಲ, ಕಿರುಚಿಕೊಂಡು ಅತ್ತಿತು. ಆದರೂ ಕೆಳಗಿಳಿಸಲಿಲ್ಲ.

ಹೀಗಿರುವಾಗ ಪಾಲಹಳ್ಳಿ ಕಡೆಯ ರೈತರೊಬ್ಬರು ಡಬ್ಬವೊಂದನ್ನ ವಾಪಸ್ ತಂದರು. ಕಾಲುವೆ ಪಕ್ಕದ ಜಮೀನು, ಸದಾ ತೇವ. ಡಬ್ಬದ ಅಂಚಿನಲ್ಲಿ ತುಕ್ಕು ಹಿಡಿದಿತ್ತು, ಅದೂ ಸಾಲಾಗಿ ನಾಕು ಬೆರಳಿನ ಆಕಾರಕ್ಕೆ. ನನ್ನವೇ ಬೆರಳು. ಹಿಡಿದ ಜಾಗಕ್ಕೆ ಬಣ್ಣ ತಾಗಿರಲಿಲ್ಲ. ಇವಳಿಗೆ ಹಿಡಿಯೋಕೇ ಬರಲ್ಲ, ಬೆರಳು ತಗಿ ಅಂತ ದಿನಾ ಬಡ್ಕೋತೀನಿ ಅಂದ ಪೇಂಟರು. ಬೆರಳು ತೆಗೆದರೆ ಡಬ್ಬ ನಿನ್ನ ತಲೆ ಮೇಲೆ ನಿಲ್ತದಾ ಅಂತ ನಾನೂ ಕೇಳಿದೆ. ನಾಗಮಂಗಲದ ಅಂಗಡಿಯೋರು ದೊಡ್ಡ ಆರ್ಡರ್ ಕೊಟ್ಟು ಕಾಯ್ತಾ ಇದ್ದರು. ಇನ್ನೊಂದು ಡಬ್ಬ ವಾಪಸ್ ಬಂದರೆ ನಿನ್ನ ಲೆಕ್ಕ ಮುಗೀತು ಅಂದರು ಯಜಮಾನರು.

ಸಿಟ್ಟಲ್ಲೇ ಮನೆಗೆ ಬಂದು ಕೊಟ್ಟಿಗೆ ಪಕ್ಕ ಕುಕ್ಕರಿಸಿದೆ. ಎದುರಿಗೆ ಅತ್ತೆಯ ರಾಗಿ ಬೀಸೋ ಕಲ್ಲು. ಊರಿಗೆ ಮಿಲ್ಲು ಬಂದಾಗಿಂದ ಅದಕ್ಕೆ ಕೆಲಸವಿಲ್ಲ. ಅದರ ಮೇಲೆ ಕೂತಿದ್ದ ಕೋಳಿ ಹಾರಿ ಇಳಿದಾಗ ಮೇಲಿನ ಕಲ್ಲು ಒಂಚೂರು ತಿರುಗಿತು. ನಾನು ನೋಡ್ತಾನೇ ಇದ್ದೆ. ಕಾಳು ಹಾಕೋ ಕುಣಿಗೆ ಒಂದು ಮರದ ತುಂಡು ನಿಲ್ಲಿಸಿ, ಅದರ ಮೇಲೆ ಡಬ್ಬ ಬೋರಲು ಹಾಕಿದರೆ? ಅಂಚು ಕಲ್ಲಿಗೂ ತಾಗಲ್ಲ, ಯಾರ ಬೆರಳೂ ಬೇಡ. ಕಲ್ಲಿನ ಭಾರಕ್ಕೆ ಗಾಳಿಯೇನು ಮಾಡೀತು? ಗೂಟ ಹಿಡಿದು ತಿರುಗಿಸಿದರೆ ನಾಕೂ ಮಗ್ಗುಲು ತಾವಾಗೇ ಮುಂದೆ ಬರ್ತಾವೆ.

ಅತ್ತೆಗೆ ಹೇಳಿದರೆ ರೇಗಿಬಿಟ್ಟರು. ಮದುವೆ ಚಪ್ಪರದಲ್ಲಿ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿಸಿಕೊಂಡ ಕಲ್ಲಿಗೆ ಪೇಂಟು ಬಳೀತೀಯಾ ಅಂತ ಬೈದರು. ನಾನು ಸುಲಿದ ಕೈ ಮುಂದೆ ಹಿಡಿದೆ. ಅತ್ತೆ ಅದನ್ನ ನೋಡಿದರು, ತಮ್ಮ ಕೈಯನ್ನೂ ನೋಡಿಕೊಂಡರು.

"ಇದುನ್ ತಿರುಗ್ಸಿ ತಿರುಗ್ಸಿ ನನ್ ರೆಟ್ಟೆ ಬಿದ್ದೋಯ್ತು. ತಕಂಡೋಗು. ಆದ್ರೆ ಕಲ್ಲು ನಂದು ಕಣವ್ವ. ನಿನ್ನ ಬ್ಯಾಡ ಅಂದ್ರೆ ಕಲ್ನೂ ಎತ್ಕಂಡ್ ಬಂದ್ಬುಡು," ಅಂದರು.

ಪಕ್ಕದ ಮನೆಯವರ ಗೂಡ್ಸ್ ಆಟೋದಲ್ಲಿ ಕಲ್ಲು ಶೆಡ್ಡಿಗೆ ಹೋಯ್ತು. ಪೇಂಟರು ಹೊಟ್ಟೆ ಹಿಡಿದುಕೊಂಡು ನಕ್ಕ, ಇಲ್ಲೇ ಮುದ್ದೆ ಮಾಡ್ತೀಯಾ ಅಂದ. ಕುಂಕುಮ ಇಟ್ಟು, ಡಬ್ಬ ಕೂರಿಸಿ, ಹೊಡೆಯಪ್ಪ ಅಂದೆ. ಹೊಡೆದ. ಡಬ್ಬ ಅಲುಗಾಡಲಿಲ್ಲ. ನಾನು ಗೂಟ ಹಿಡಿದು ನಿಧಾನಕ್ಕೆ ತಿರುಗಿಸಿದೆ. ಅಂಚಿನ ಸುತ್ತಲೂ ಎಲ್ಲೂ ಬಿಡದ ಹಾಗೆ ಬಣ್ಣ ಕೂತಿತು. ಮಧ್ಯಾಹ್ನದ ಹೊತ್ತಿಗೆ ಗೋಡೆ ಉದ್ದಕ್ಕೂ ಡಬ್ಬ ಒಣಗ್ತಾ ಇದ್ದವು. ಯಜಮಾನರು ಒಂದೊಂದನ್ನೂ ಬಗ್ಗಿ ನೋಡಿ ಖುಷಿಯಾದರು. ಆಮೇಲೆ ಅವರ ತಲೆ ಓಡಿತು ನೋಡಿ.

"ಇನ್ಮೇಲೆ ಇಡ್ಕಳೋರು ಬೇಕಾಗಿಲ್ವಲ್ಲ ಕಣಮ್ಮ. ಅವ್ನೇ ಒಂದ್ ಕೈಲಿ ತಿರುಗುಸ್ಕತಾನೆ. ನಾಳಿಂದ ಬರ್ಬ್ಯಾಡ ಬುಡು."

ನನ್ನ ಕೆಲಸವನ್ನ ನಾನೇ ಕೈಯಾರೆ ತೆಗೆದಿದ್ದೆ. ಹೋಗಿ ಡಬ್ಬ ಇಳಿಸಿದೆ, ಮರದ ತುಂಡು ಕಿತ್ತೆ, ಮೇಲಿನ ಕಲ್ಲನ್ನ ಎತ್ತಿ ಸೊಂಟದ ಮೇಲಿಟ್ಟುಕೊಂಡು ಬಾಗಿಲ ಕಡೆ ನಡೆದೆ. ಕಲ್ಲು ಎಲ್ಲಿಗಮ್ಮ ಅಂದರು ಯಜಮಾನರು. ನಮ್ಮತ್ತೇದು, ಮನೆಗೆ ಅಂದೆ. ಗೇಟಿನವರೆಗೂ ಹೋದೆ. ಭಾರಕ್ಕೆ ಸೊಂಟ ಕಿತ್ತು ಬರ್ತಿತ್ತು, ಆದರೂ ತಿರುಗಿ ನೋಡಲಿಲ್ಲ. ಹಿಂದಿನಿಂದ ಅವರೇ ಬಂದರು. ಏನು ಬೇಕು ಹೇಳಿಬಿಡು ಅಂದರು.

"ಗನ್ನು. ಚಿಕ್ಕ ಡಬ್ಬ ಎಲ್ಲಾ ನಂದು. ದೊಡ್ಡವು ಅವ್ನು ವಡ್ಕಳ್ಳಿ."

ನಾಗಮಂಗಲದ ಆರ್ಡರ್ ಅವರ ಕಣ್ಣ ಮುಂದೆ ಬಂದಿರಬೇಕು. ಆಯ್ತು ಅಂದರು. ಕಲ್ಲನ್ನ ವಾಪಸ್ ತಂದು ಕೂರಿಸಿ, ಮರದ ತುಂಡು ನೆಟ್ಟು ಡಬ್ಬ ಹಾಕಿದೆ. ಆವತ್ತೊಂದು ದಿನ ಕಲ್ಲು ತಿರುಗಿಸಿಕೊಡು ಅಂತ ಪೇಂಟರಿಗೆ ಹೇಳಿದರು. ಅವನು ಮುಖ ಊದಿಸಿಕೊಂಡು ಗೂಟದ ಹತ್ತಿರ ಕೂತ. ನಾನು ಗನ್ನು ಎತ್ತಿದೆ. ಗಾಳಿಯ ಸದ್ದು ಕೇಳಿದ್ದೇ ತಡ, ಅವನ ಇನ್ನೊಂದು ಕೈ ತಾನಾಗೇ ಹೋಗಿ ಡಬ್ಬದ ಅಂಚು ಹಿಡಿದುಕೊಂಡಿತು.

"ಬೆರಳ್ ತಗಿಯಪ್ಪ," ಅಂದೆ. "ಗುರ್ತು ಬೀಳ್ತದೆ."

ತೆಗೆದ.