ಹೊಂಬಾಳಮ್ಮನ ಕೆಂಚ

ನಾಯಿಗೆ ಹೊಟ್ಟೆ ಕೆಟ್ಟರೆ ಒಂದು ದಿನ ಅನ್ನ ಹಾಕಬಾರದು, ನೀರನ್ನು ಗುಟುಕು ಗುಟುಕಾಗಿ ಕೊಡಬೇಕು, ಮಾರನೆಯ ದಿನ ಗಂಜಿ. ನಿಟ್ಟೂರಿನ ಹೊಂಬಾಳಮ್ಮ ತನ್ನ ಕೆಂಚನನ್ನು ನಾಲ್ಕು ವರ್ಷ ಹೀಗೇ ಸಾಕಿದ್ದಳು. ಗಂಡ ಸತ್ತ ಮೇಲೆ ಆ ಮನೆಯಲ್ಲಿ ಅವಳದು ಅಂತ ಉಳಿದದ್ದು ಆ ನಾಯಿ ಒಂದೇ.

ಐವತ್ತೆಂಟನೆಯ ಇಸವಿಯ ಆಷಾಢದಲ್ಲಿ ಭಾವ ಪುಟ್ಟರಂಗಯ್ಯ ತೆಂಗಿನ ಪಾತಿಗಳಿಗೆ ಗೊಬ್ಬರಕ್ಕೆಂದು, ಹರಳೆಣ್ಣೆ ತೆಗೆದು ಉಳಿದ ಹರಳು ಹಿಂಡಿ ಹಾಕಿಸಿ, ಮಣ್ಣು ಮುಚ್ಚಿಸದೆ ಬಿಟ್ಟ. ಕೆಂಚನ ಮೂತಿಗೆ ಹಿಂಡಿ ಮೆತ್ತಿದ್ದನ್ನು ಹೊಂಬಾಳಮ್ಮ ಕಂಡಳು. ಕಡಲೆಕಾಯಿ ಹಿಂಡಿ ತಿಂದು ಅರಗಿಸಿಕೊಂಡ ನಾಯಿ, ಇದೂ ಅರಗುತ್ತದೆ ಅಂದುಕೊಂಡಳು.

ಮಾರನೆಯ ಬೆಳಗ್ಗೆ ಎರಡು ಸಲ ವಾಂತಿ. ಅನ್ನ ನಿಲ್ಲಿಸಿದಳು. ಮಧ್ಯಾಹ್ನ ಕುಡಿದ ನೀರೂ ಹೊರಗೆ ಬಂತು. ಸಂಜೆಗೆ ಭೇದಿಯಲ್ಲಿ ರಕ್ತ. ಹೆಸರು ಹಿಡಿದು ಕರೆದರೆ ಬಾಲ ಅಲ್ಲಾಡಲಿಲ್ಲ.

"ಭಾವ, ಗಾಡಿ ಕಟ್ಸಿ. ಗುಬ್ಬಿ ದನದ ಆಸ್ಪತ್ರೆಗೆ ಕರ್ಕೊಂಡೋಗ್ತೀನಿ."

ಪುಟ್ಟರಂಗಯ್ಯ ಎಲೆಗೆ ಸುಣ್ಣ ಸವರುತ್ತಿದ್ದ. "ನಾಯಿಗೆ ಗಾಡಿನಾ? ನಿನ್ ಗಂಡನ್ನೇ ಆಸ್ಪತ್ರೆಗೆ ನಡುಸ್ಕೊಂಡು ಹೋಗಿದ್ವಲ್ಲಮ್ಮಿ!"

ಆಳು ಬೀರಯ್ಯ ಕಿಸಕ್ಕನೆ ನಕ್ಕ.

"ಅದುಕ್ಕೇ ಕೇಳ್ತಿರೋದು," ಎಂದಳು.

ಪುಟ್ಟರಂಗಯ್ಯನ ಕೈ ನಿಂತಿತು. "ಬೀರಯ್ಯ, ಕುಡುಗೋಲು ಕಾಯ್ಸ್ಲಾ. ಹೊಟ್ಟೆಗೆ ಎರಡು ಬರೆ ಎಳುದ್ರೆ ಎಲ್ಲಾ ನಿಲ್ತದೆ. ನೀನೇ ಕಾಲ್ ಹಿಡ್ಕೊಳಮ್ಮಿ, ಬೇರೆಯೋರ್ ಹಿಡುದ್ರೆ ಕಚ್ತದೆ."

ಅವಳ ಹೊಟ್ಟೆಯ ಮೇಲೂ ಚಿಕ್ಕಂದಿನ ಎರಡು ಬರೆಗಳಿದ್ದವು. ತಾನು ಬದುಕಲಿಲ್ಲವೇ? ಹಿಡಿದಳು. ಕೆಂಚ ಊಳಿಟ್ಟಿತು, ಕಚ್ಚಲಿಲ್ಲ. ಒಂದು ಬರೆಗೂ ಇನ್ನೊಂದಕ್ಕೂ ನಡುವೆ ಅವಳ ಮಣಿಕಟ್ಟು ನೆಕ್ಕಿತು.

ಭೇದಿ ನಿಲ್ಲಲಿಲ್ಲ. ಬೆಳಕು ಹರಿಯುತ್ತಲೇ ಅದನ್ನು ಗೊಬ್ಬರದ ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಗುಬ್ಬಿಗೆ ನಡೆದಳು. ದನದ ಡಾಕ್ಟರು ನಾಯಿಯ ತುಟಿ ಎತ್ತಿ ನೋಡಿದರು. ಒಸಡು ಒಗೆದ ಬಟ್ಟೆಯ ಹಾಗೆ ಬೆಳ್ಳಗಿತ್ತು.

"ಹರಳಿಂಡಿ ತಿಂತೇನಮ್ಮ?"

"ಹೂಂ ಸ್ವಾಮಿ. ಮೊನ್ನೆ."

"ಒಂದೆರಡು ಸಲ ಕಕ್ಕಿ, ಚುರುಕಾಗಿದ್ದು, ನೀರು ದಕ್ಕಿದ್ರೆ ಒಂದಿನ ನೋಡ್ಬೋದು. ನೀರು ದಕ್ಕದೆ ಹೋದ್ರೆ, ರಕ್ತ ಕಂಡ್ರೆ ಆ ಗಳಿಗೇಲೇ ತರಬೇಕು. ಹರಳಿಂಡಿ ತಿಂದದ್ದು ಗೊತ್ತಾದ್ರೆ ಕಕ್ಕೋವರೆಗೂ ಕಾಯ್ಬಾರ್ದು." ಬರೆ ಕಂಡು ಅವರ ದನಿ ಏರಿತು. "ಯಾರಮ್ಮ ಇದನ್ನ ಹಾಕಿದ್ದು?"

"ಕಾಲು ಹಿಡ್ಕೊಂಡಿದ್ದೋಳು ನಾನೇ ಸ್ವಾಮಿ."

ಸೂಜಿ ಚುಚ್ಚಿದರು. ಊರು ಇನ್ನೂ ಎರಡು ಮೈಲಿ ಇರುವಾಗ ತಲೆಯ ಮೇಲಿನ ಬುಟ್ಟಿಯೊಳಗೆ ಅಲುಗಾಟ ನಿಂತಿತು. ಅವಳು ಇಳಿಸಿ ನೋಡಲಿಲ್ಲ. ತೋಟದವರೆಗೂ ಹಾಗೇ ಹೊತ್ತಳು.

ಗುಂಡಿ ತೋಡಿ ಹೂಳುತ್ತಿದ್ದಾಗ ಪುಟ್ಟರಂಗಯ್ಯ ಬದುವಿನ ಮೇಲಿಂದ ಕೂಗಿದ: "ಆ ಬುಟ್ಟಿ ತೊಳುದಿಡು. ನಾಳೆ ಉಳುದ ಪಾತಿಗೆ ಹಿಂಡಿ ಹಾಕ್ಬೇಕು."

ತೊಳೆದಿಟ್ಟಳು. ಮಾರನೆಯ ದಿನ ಅದೇ ಬುಟ್ಟಿಯಲ್ಲಿ ಹಿಂಡಿ ಹೊತ್ತು ಸುರಿದಳು. ಪ್ರತಿ ಪಾತಿಯ ಮೇಲೂ ಗೇಣು ಮಣ್ಣೆಳೆದು ತುಳಿದಳು.

"ಸತ್ತ ನಾಯಿ ಎದ್ದು ಬಂದು ತಿಂತದೇನಮ್ಮಿ?" ಎಂದ ಪುಟ್ಟರಂಗಯ್ಯ.

ಅವಳು ಮುಂದಿನ ಪಾತಿಗೆ ಹೋದಳು.