ಗುಡಿಸುವ ಮುಂಚಿನ ಬೀದಿ

ಅಕ್ಕ ಫೋಟೋ ತೆಗೆಯುತ್ತಿದ್ದುದು ಬೆರಳ ತುದಿಯಿಂದಲ್ಲ, ತೋರುಬೆರಳನ್ನು ಮಡಚಿ ಅದರ ಗೆಣ್ಣಿನಿಂದ. ವರ್ಷಗಟ್ಟಲೆ ಕಡ್ಡಿ ಪೊರಕೆ ಹಿಡಿದು ಅವರ ಬೆರಳ ತುದಿಗಳು ಕೊಬ್ಬರಿ ಚಿಪ್ಪಿನಂತೆ ಗಟ್ಟಿಯಾಗಿದ್ದವು. ಮೊಬೈಲಿನ ಗಾಜಿಗೆ ಅವು ಬೆರಳೆಂದೇ ತಿಳಿಯುತ್ತಿರಲಿಲ್ಲ. ಹಾಜರಿಯ ಯಂತ್ರವೂ ಅಷ್ಟೇ. ಅವರ ಹೆಬ್ಬೆಟ್ಟನ್ನು ಮೂರು ಸಲ ಒತ್ತಿಸಿಕೊಂಡು ಮೂರು ಸಲವೂ ಕೆಂಪು ದೀಪ ತೋರಿಸುತ್ತಿತ್ತು. ಅಕ್ಕ ಯಂತ್ರದ ಮುಖ ನೋಡಿ ನಗುತ್ತಿದ್ದರು, ನಾನು ಬೈದುಕೊಳ್ಳುತ್ತ ಪುಸ್ತಕದಲ್ಲಿ ಕೈಯಾರೆ ಹಾಜರಿ ಹಾಕುತ್ತಿದ್ದೆ.

ನಾನಾಗ ಬೆಂಗಳೂರಿನ ಕಾಕ್ಸ್ ಟೌನ್ ಕಡೆಯ ಬೀದಿಗಳನ್ನು ಗುಡಿಸುವ ಕೆಲಸದ ಗುತ್ತಿಗೆದಾರರೊಬ್ಬರ ಹತ್ತಿರ ಸೂಪರ್‌ವೈಸರ್. ಇಪ್ಪತ್ತಾರು ಜನ ನನ್ನ ಕೈಕೆಳಗೆ. ಅವರಲ್ಲಿ ಹಿರಿಯರಾದ್ದರಿಂದ ಅವರು ಎಲ್ಲರಿಗೂ ಅಕ್ಕ, ನನಗೂ. ಯಾದಗಿರಿ ಕಡೆಯವರು. ರಾಮಮೂರ್ತಿ ನಗರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಗಾರೆ ಕೆಲಸದ ಗಂಡ, ಅತ್ತೆಮನೆ ಬಿಟ್ಟು ತವರಿಗೆ ಮರಳಿದ್ದ ಒಬ್ಬಳು ಮಗಳು. ಮೊದಲ ಬಸ್ಸಿಗೆ ಬಂದಿಳಿದು ಆರಕ್ಕೆ ಮುಂಚೆಯೇ ಚರ್ಚಿನ ಗೋಡೆಯ ಪಕ್ಕ ಪೊರಕೆ ಹಿಡಿದು ನಿಂತಿರುತ್ತಿದ್ದರು. ಕೆಲಸ ಮುಗಿದ ಮೇಲೆ ಅದೇ ಗೋಡೆಗೆ ಒರಗಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಎದುರಿಗೆ ಯಾರೇ ಹೋದರೂ ಒಂದು ತುಂಡು ಮುರಿದು ಕೊಡದೆ ಬಿಡುತ್ತಿರಲಿಲ್ಲ.

ನಮ್ಮಲ್ಲಿ ಒಂದು ನಿಯಮವಿತ್ತು. ಗುಡಿಸುವ ಮುಂಚೆ ಬೀದಿಯ ಒಂದು ಫೋಟೋ, ಗುಡಿಸಿದ ಮೇಲೆ ಇನ್ನೊಂದು. ಬಿಫೋರ್, ಆಫ್ಟರ್. ಎರಡೂ ನಮ್ಮ ವಾಟ್ಸಾಪ್ ಗ್ರೂಪಿಗೆ ಬೀಳಬೇಕು, ಅವನ್ನು ನಾನು ಪಾಲಿಕೆಯ ಮೇಲಿನ ಸಾಹೇಬರಿಗೆ ದಾಟಿಸಬೇಕು. ದಿನಕ್ಕೆ ಐವತ್ತು ಚಿಲ್ಲರೆ ಫೋಟೋ. ಅವುಗಳಲ್ಲಿ ನೋಡುವುದೇನಿದೆ? ಒಂದೊಂದಕ್ಕೂ ಹೆಬ್ಬೆರಳೆತ್ತಿದ ಗುರುತು ಒತ್ತಿ, ತೆರೆಯದೆಯೇ ಮುಂದಕ್ಕೆ ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದೆ. ಹಲ್ಲುಜ್ಜುತ್ತ, ಸ್ಕೂಟರಿಗೆ ಪೆಟ್ರೋಲ್ ಹಾಕಿಸುತ್ತ ಆ ಕೆಲಸ ಮುಗಿಸಿದ್ದೇನೆ. ನಿಯಮ ಬಂದ ಹೊಸದರಲ್ಲಿ ಅಕ್ಕ ಬಿಫೋರ್‌ನಲ್ಲಿ ಏನು ತೋರಿಸಬೇಕು ಎಂದು ಕೇಳಿದ್ದರು. ಗುಡಿಸೋಕ್ ಮುಂಚೆ ಬೀದಿ ಹೇಗಿರುತ್ತೋ ಹಾಗೆ ತೆಗೆದು ಕಳಿಸಿ ಅಂದಿದ್ದೆ. ಅವರು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು.

ಅವರ ಪಾಲಿಗೆ ಬಂದಿದ್ದು ಹೊಂಗೆ ಮರಗಳ ಬೀದಿ. ಯುಗಾದಿಯ ಹೊತ್ತಿಗೆ ಅಲ್ಲಿ ರಾತ್ರಿಯೆಲ್ಲ ಹೂವು ಉದುರಿ, ಬೆಳಿಗ್ಗೆ ಯಾರೋ ಮೂಟೆ ಒಡೆದು ಮಂಡಕ್ಕಿ ಚೆಲ್ಲಿದ ಹಾಗಿರುತ್ತದೆ. ಒಂದು ದಿನ ಮೇಲಿನ ಸಾಹೇಬರು ಎಲ್ಲ ಸೂಪರ್‌ವೈಸರ್‌ಗಳನ್ನೂ ಮೀಟಿಂಗಿಗೆ ಕರೆದು, ಗೋಡೆಯ ಟಿವಿಯಲ್ಲಿ ಒಂದು ಫೋಟೋ ಹಾಕಿದರು. ನೆಲದ ಮಟ್ಟದಿಂದ ತೆಗೆದದ್ದು. ಬೀದಿಯ ಉದ್ದಕ್ಕೂ ಬಿಳಿ, ತಿಳಿ ನೇರಳೆ ಹೂವು. ಎಲೆ ಸಂದಿಯಿಂದ ಇಳಿದ ಬಿಸಿಲು. ನಡುವೆ ಒಂದು ಕಾಗೆ ನಡೆದುಹೋದ ದಾರಿ. "ಇದರಲ್ಲಿ ಕಸ ಎಲ್ಲಿದೆ ತೋರಿಸಿ. ಇದನ್ನ ಗುಡಿಸೋಕೆ ನಿಮಗೆ ಬಿಲ್ ಪಾಸ್ ಮಾಡ್ಬೇಕಾ?" ಎಂದರು. ಇಡೀ ಕೋಣೆ ನಕ್ಕಿತು. ನನಗೆ ಅವಮಾನ, ಸಿಟ್ಟು ಎರಡೂ ಆಯಿತು.

ಆ ಸಿಟ್ಟನ್ನು ಮಾರನೆಯ ಬೆಳಿಗ್ಗೆ ಅಕ್ಕನ ಮೇಲೆ ತೀರಿಸಿಕೊಂಡೆ. ಬಿಫೋರ್ ಅಂದರೆ ಗಲೀಜು ಕಾಣಬೇಕು, ಕಾಣದಿದ್ದರೆ ನಾಲ್ಕು ಪ್ಲಾಸ್ಟಿಕ್ ಕವರನ್ನಾದರೂ ತಂದು ಹಾಕಿ ತೆಗೆಯಿರಿ ಎಂದು ನಾಲ್ಕು ಜನರೆದುರು ಗದರಿದೆ. ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡರು. ಅಂದಿನಿಂದ ಅವರ ಬಿಫೋರ್‌ಗಳಲ್ಲಿ ಹಾಲಿನ ಪ್ಯಾಕೆಟ್, ಎಳನೀರು ಚಿಪ್ಪು, ತಿಂದೆಸೆದ ಬಿರಿಯಾನಿ ಡಬ್ಬಿ ಶಿಸ್ತಾಗಿ ಬರತೊಡಗಿದವು. ಸಾಹೇಬರಿಗೂ ಸಮಾಧಾನವಾಯಿತು.

ಆದರೆ ಹೂವಿನ ಫೋಟೋ ತೆಗೆಯುವುದನ್ನು ಅವರು ಬಿಡಲಿಲ್ಲ. ಪೊರಕೆಯನ್ನು ಪಕ್ಕಕ್ಕಿಟ್ಟು ರಸ್ತೆಯ ಮೇಲೇ ಕುಕ್ಕರುಗಾಲಲ್ಲಿ ಕೂತು, ಮೊಬೈಲನ್ನು ನೆಲಕ್ಕೆ ತಾಗಿಸಿ, ಉಸಿರು ಬಿಗಿಹಿಡಿದು ಗೆಣ್ಣು ಒತ್ತುತ್ತಿದ್ದರು. ಬಾದಾಮಿ ಮರದ ಕೆಂಪೆಲೆ, ಚರಂಡಿ ಕಲ್ಲಿನ ಬಿರುಕಲ್ಲಿ ಹುಟ್ಟಿದ ಎರಡೆಲೆಯ ಸಸಿ, ಗಿಳಿಯ ಒಂದು ಹಸಿರು ಗರಿ. ಮನುಷ್ಯರ ಫೋಟೋ ತೆಗೆಯುತ್ತಿರಲಿಲ್ಲ, ತಮ್ಮದನ್ನು ಯಾರಿಗೂ ತೆಗೆಯಗೊಡುತ್ತಿರಲಿಲ್ಲ. ನಾನು ಸ್ಕೂಟರಿನಲ್ಲಿ ಬೀದಿಗೆ ತಿರುಗಿದರೆ ದೂರದಿಂದಲೇ ಪೊರಕೆ ಎತ್ತಿ ಟ್ರಾಫಿಕ್ ಪೊಲೀಸರ ಹಾಗೆ ತಡೆಯುತ್ತಿದ್ದರು. "ನಿಲ್ರಿ ಸಾಹೇಬ್ರ, ಇನ್ನಾ ತಗದಿಲ್ಲ." ಅವರ ಫೋಟೋ ಮುಗಿಯುವವರೆಗೆ ಅವರ ಸೂಪರ್‌ವೈಸರ್ ಕಾಲೂರಿ ಕಾಯಬೇಕು. ಒಮ್ಮೆ ಕೈ ಹಿಡಿದೆಳೆದು ನನ್ನನ್ನೂ ಕೂರಿಸಿದರು. ಉದುರಿದ ಎಲೆಯೊಂದರ ಗುಳಿಯಲ್ಲಿ ಒಂದು ಹನಿ ನೀರು, ಅದರೊಳಗೆ ಇಡೀ ಮರ ತಲೆಕೆಳಗಾಗಿ ನಿಂತಿತ್ತು. "ನಿಂತು ನೋಡಿದ್ರ ಕಸರಿ. ಕುಂತು ನೋಡ್ರಿ" ಎಂದರು. ನನಗೆ ಹೊತ್ತಾಗಿತ್ತು. ಚೆನ್ನಾಗಿದೆ ಅಕ್ಕ ಎಂದು ಪ್ಯಾಂಟು ಕೊಡವಿಕೊಂಡು ಹೊರಟೆ.

ಅದೇ ಬೀದಿಯ ಫ್ಲ್ಯಾಟೊಂದರ ಒಡತಿ ನನಗೆ ಫೋನ್ ಮಾಡಿ, ನಿಮ್ಮ ಕೆಲಸದವಳು ದಿನಾ ನಮ್ಮ ಗೇಟಿನ ಫೋಟೋ ತೆಗೀತಾಳೆ, ಇದೆಲ್ಲ ಯಾಕೋ ಸರಿ ಕಾಣಲ್ಲ ಎಂದು ದೂರಿದರು. ನಾನು ಹೋಗಿ ವಿಚಾರಿಸಿದೆ. ಅಕ್ಕ ಮರುಮಾತಿಲ್ಲದೆ ಮೊಬೈಲ್ ತೆಗೆದು ಆಕೆಗೆ ತೋರಿಸಿದರು. ಗೇಟಿನ ಸರಳುಗಳ ನಡುವೆ ಜೇಡರ ಬಲೆ, ಬಲೆಯ ಎಳೆ ಎಳೆಯಲ್ಲೂ ಇಬ್ಬನಿ. ಆಕೆ ಓ ಎಂದು ಮೆಚ್ಚಿಕೊಂಡರು, ತಪ್ಪು ತಿಳಿದೆ ಎಂದೂ ಹೇಳಿದರು. ಮರುದಿನ ಬೆಳಿಗ್ಗೆ ನೋಡಿದರೆ ಗೇಟನ್ನು ಸೋಪು ಹಾಕಿ ತೊಳೆಸಿದ್ದರು. ಅಕ್ಕ ಆ ಒದ್ದೆ ಸರಳುಗಳನ್ನು ಗೆಣ್ಣಿನಿಂದ ಮುಟ್ಟಿ ನೋಡಿದರು. "ತೋರಸಬಾರದಿತ್ತು ನಾ" ಎಂದರು, ಅಷ್ಟೇ.

ಅದಾದ ಮೇಲೆ ಅವರು ಆ ಫೋಟೋಗಳನ್ನು ಬೇರೆ ಯಾರಿಗೂ ತೋರಿಸಲಿಲ್ಲ. ಕಸದ್ದನ್ನು ಗ್ರೂಪಿಗೆ ಹಾಕಿ, ಹೂವಿನದನ್ನು ನನ್ನ ನಂಬರಿಗೆ ಕಳಿಸತೊಡಗಿದರು. ಮೊದಲ ದಿನ ಸಿಕ್ಕಾಗ, "ಅದು ಆಫೀಸಿಗಿ ಅಲ್ರಿ, ನಿಮಗ" ಎಂದು ನಾಚಿಕೊಂಡು ಹೇಳಿದ್ದರು. ನನಗೆ ಅದೊಂದು ಹೆಚ್ಚಿನ ರಗಳೆ. ಬೇಡ ಎನ್ನಲು ಮನಸ್ಸು ಬರಲಿಲ್ಲ, ನೋಡಲು ಪುರಸೊತ್ತಿರಲಿಲ್ಲ. ಮಿಕ್ಕವಕ್ಕೆ ಒತ್ತುವ ಹೆಬ್ಬೆರಳನ್ನೇ ಅದಕ್ಕೂ ಒತ್ತಿ ಮುಂದೆ ಹೋಗುತ್ತಿದ್ದೆ. ಹೀಗೆ ಒಂದೂವರೆ ವರ್ಷ ನಡೆಯಿತು.

ಆ ದಿನ ಆರು ಗಂಟೆ ದಾಟಿದ ಮೇಲೆ ಗ್ರೂಪಿಗೆ ಅವರ ಬಿಫೋರ್ ಬಂತು. ಸ್ವಲ್ಪ ಹೊತ್ತಿಗೆ ನನ್ನ ನಂಬರಿಗೆ ಇನ್ನೊಂದು. ಎರಡಕ್ಕೂ ಹೆಬ್ಬೆರಳು ಒತ್ತಿದೆ. ಏಳೂವರೆಯಾದರೂ ಆಫ್ಟರ್ ಬರಲಿಲ್ಲ. ಗ್ರೂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದೆ: "ಅಕ್ಕ, ಆಫ್ಟರ್ ಎಲ್ಲಿ? ದಿನಾ ನಿಮ್ದೊಬ್ಬರದ್ದೇ ಲೇಟು." ಅದಕ್ಕೆ ಉತ್ತರ ಕೊಟ್ಟಿದ್ದು ಪಕ್ಕದ ಬೀದಿ ಗುಡಿಸುತ್ತಿದ್ದ ಹೆಂಗಸು, ಅಳುತ್ತ, ಫೋನಿನಲ್ಲಿ. ಮೂಲೆಯ ಮನೆಗೆ ನೀರು ಇಳಿಸಿದ ಟ್ಯಾಂಕರ್ ಹಿಂದಕ್ಕೆ ಬಂದಿತ್ತು. ಅಕ್ಕ ಅದರ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಡ್ರೈವರಿಗೆ ಕಂಡಿರಲಿಲ್ಲ. ಆಸ್ಪತ್ರೆ ಸೇರುವುದರೊಳಗೆ ಜೀವ ಹೋಗಿತ್ತು. ನಾನು ಆ ಸಾಲನ್ನು ಬರೆಯುವ ಹೊತ್ತಿಗೆ ಅಕ್ಕ ಇರಲಿಲ್ಲ. ಅಳಿಸೋಣವೆಂದು ಗ್ರೂಪ್ ತೆರೆದೆ, ಅಷ್ಟರಲ್ಲಿ ಇಪ್ಪತ್ತೈದು ಜನವೂ ಓದಿಯಾಗಿತ್ತು.

ಕೆಲಸದ ಮೇಲಿದ್ದಾಗ ಸತ್ತರೆ ಮನೆಯವರಲ್ಲಿ ಒಬ್ಬರಿಗೆ ಅದೇ ಕೆಲಸ ಕೊಡುವುದು ನಮ್ಮ ಗುತ್ತಿಗೆದಾರರಲ್ಲಿ ನಡೆದುಬಂದ ಪದ್ಧತಿ. ಅಕ್ಕನ ಮಗಳಿಗೆ ಬೇರೆ ದಿಕ್ಕಿರಲಿಲ್ಲ. ಆದರೆ ಗುತ್ತಿಗೆದಾರರ ಮ್ಯಾನೇಜರ್ ಅಂದೇ ಸಂಜೆ ನನ್ನನ್ನು ಕೂರಿಸಿಕೊಂಡು ಲೆಕ್ಕಾಚಾರ ಹೇಳಿದರು. ಆಕೆಯ ಬಿಫೋರ್ ಆಗಲೇ ಬಂದಿತ್ತು. ಆಮೇಲೆ ರಸ್ತೆಯಲ್ಲಿ ಕೂತು ಮೊಬೈಲ್ ಹಿಡಿದಿದ್ದು ಸ್ವಂತಕ್ಕೆ. ಅದು ಡ್ಯೂಟಿಯಲ್ಲ. ಹಾಗೆಂದು ನಾನು ಒಂದು ಹೇಳಿಕೆ ಬರೆದುಕೊಟ್ಟರೆ ಕಂಪನಿಯ ತಲೆಯ ಮೇಲೆ ಏನೂ ಬರುವುದಿಲ್ಲ. "ಸುಳ್ಳೇನ್ ಬರಿ ಅಂತಿಲ್ಲ ಗುರು, ಇರೋದನ್ನೇ ಬರಿ" ಎಂದರು. ನಾನು ಬರೆದೆ, ಸಹಿ ಹಾಕಿದೆ. ಹೆದರಿಕೆಯಿತ್ತು, ನಿಜ. ಜೊತೆಗೆ, ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದೂ ಅನ್ನಿಸಿತ್ತು.

ಮೂರನೆಯ ದಿನ ಅವರ ಮನೆಗೆ ಹೋದೆ. ಅಕ್ಕನ ಗಂಡ ನನ್ನನ್ನು ಮಂಚದ ಮೇಲೆ ಕೂರಿಸಿ ತಾವು ನೆಲದ ಮೇಲೆ ಕೂತರು. ಮಗಳು ನೀರು ತಂದಿಟ್ಟು ಬಾಗಿಲ ಬಳಿ ನಿಂತಳು. ಅವರು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಾತಾಡಿದರು. ಮೊದಲೆಲ್ಲ ಹೆಂಡತಿ ನಸುಕಿನಲ್ಲಿ ಏಳಲು ಗೊಣಗುತ್ತಿದ್ದಳಂತೆ, ಈ ಒಂದೂವರೆ ವರ್ಷ ಗೊಣಗಲೇ ಇಲ್ಲವಂತೆ. "ಸಾಹೇಬ್ರಿಗಿ ಇವತ್ತು ಏನ ಕಳಸ್ಲಿ ಅಂತ ಬಸ್ಸಿಗಿ ಓಡತಿದ್ಳರಿ. ಅವರೊಬ್ರೇ ನೋಡೋರು, ದಿನಾ ಹೆಬ್ಬಟ್ಟು ಕಳಸ್ತಾರ ಅಂತಿದ್ಳು. ನೀವು ಎಲ್ಲಾ ನೋಡತಿದ್ರಿ ಅಲ್ರಿ?"

ಹೂಂ ಎಂದೆ.

ಅಲ್ಲಿಂದ ಹೊರಬಿದ್ದವನಿಗೆ ಸ್ಕೂಟರ್ ಓಡಿಸಲು ಆಗಲಿಲ್ಲ. ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ಮೊಬೈಲ್ ತೆರೆದೆ. ನಾನೂರಕ್ಕೂ ಹೆಚ್ಚು ಫೋಟೋ. ತಾವಾಗಿಯೇ ಫೋನಿಗೆ ಇಳಿದು, ಒಮ್ಮೆಯೂ ತೆರೆಯದೆ ಕೂತಿದ್ದವು. ಒಂದೊಂದನ್ನೇ ತೆರೆದು ನೋಡಿದೆ. ಮಳೆ ನಿಂತ ಮೇಲಿನ ಟಾರು, ಅದರ ಮೇಲೆ ಗುಲ್‌ಮೊಹರಿನ ಒಂದೇ ಎಸಳು. ಕಾಂಪೌಂಡಿನ ಪಾಚಿಯಲ್ಲಿ ಗುಂಡುಸೂಜಿ ಗಾತ್ರದ ಹೂವು. ಉದುರಿದ ಆಕಾಶಮಲ್ಲಿಗೆಯ ಮೇಲೆ ಬೆಕ್ಕು ಮಲಗಿ ಎದ್ದ ಗುರುತು. ನಾನು ಐದು ವರ್ಷ ದಿನಾ ಓಡಾಡಿದ ಬೀದಿಗಳವು. ಅಲ್ಲಿ ಇದೆಲ್ಲ ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಒಂದೊಂದರ ಕೆಳಗೂ ನನ್ನ ಹೆಬ್ಬೆರಳು. ಕೊನೆಯದರಲ್ಲಿ ಹೊಂಗೆ ಹೂವು ಹರಡಿತ್ತು, ಒಂದು ಅಳಿಲು ಮುಂಗಾಲೆತ್ತಿ ನಿಂತಿತ್ತು, ಮೂಲೆಯಲ್ಲಿ ಟ್ಯಾಂಕರಿನ ಹಿಂದಿನ ಚಕ್ರ. ಹೋಗಿ ಬರುವವರ ಮುಂದೆಯೇ ಅತ್ತುಬಿಟ್ಟೆ.

ಮಾರನೆಯ ದಿನ ಮ್ಯಾನೇಜರ್ ಹತ್ತಿರ ಹೋಗಿ ಹೊಸ ಹೇಳಿಕೆ ಕೊಟ್ಟೆ. ಬೀದಿಯಲ್ಲಿ ಉದುರಿದ ಹೂವು, ಎಲೆಗಳ ಫೋಟೋವನ್ನು ದಿನಾ ನನಗೆ ಕಳಿಸಬೇಕೆಂದು ನಾನೇ ಹೇಳಿದ್ದೆ, ಅವರು ನನ್ನ ಮಾತಿನಂತೆ ಕೆಲಸ ಮಾಡುತ್ತಿದ್ದಾಗಲೇ ಸತ್ತರು ಎಂದು ಬರೆದಿದ್ದೆ. ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ನಾನೂರು ಸಲ ಹೆಬ್ಬೆರಳು ಎತ್ತಿದವನು ನಾನಲ್ಲದೆ ಇನ್ಯಾರು? ಮ್ಯಾನೇಜರ್ ಎರಡು ಸಲ ಓದಿದರು. ಇದರಿಂದ ನನ್ನ ಕೆಲಸ ಹೋಗುತ್ತದೆ ಎಂದರು. ಹೋಯಿತು. ಈಗ ಕೆ.ಆರ್. ಪುರದ ಒಂದು ಸಿಮೆಂಟ್ ಗೋಡೌನಿನಲ್ಲಿ ಮೂಟೆ ಎಣಿಸುತ್ತೇನೆ. ಅಕ್ಕನ ಮಗಳಿಗೆ ತಾಯಿಯ ಬೀದಿಯೇ ಸಿಕ್ಕಿತು. ತಾಯಿ ಸತ್ತ ಮೂಲೆಯನ್ನು ಅವಳು ದಿನಾ ಗುಡಿಸುತ್ತಾಳೆ. ಇದನ್ನು ಒಳ್ಳೆಯದಾಯಿತು ಎಂದು ಹೇಳಿಕೊಳ್ಳಲು ನನಗೆ ನಾಲಿಗೆ ಏಳುವುದಿಲ್ಲ.

ಕಳೆದ ತಿಂಗಳು ಅಕ್ಕನ ಗಂಡ ನನ್ನನ್ನು ಹುಡುಕಿಕೊಂಡು ಗೋಡೌನಿಗೆ ಬಂದರು. ಪಕ್ಕದ ಅಂಗಡಿಯಲ್ಲಿ ಚಹಾ ಕುಡಿಯುತ್ತ ಬಂದ ಕಾರಣ ಹೇಳಿದರು. ವರ್ಷದ ಪೂಜೆ ಹತ್ತಿರ ಬಂದಿದೆ. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಗೋಡೆಗೆ ಹಾಕಲು ಅಕ್ಕನದು ಒಂದೂ ಫೋಟೋ ಇಲ್ಲ. ಅಕ್ಕ ತೆಗೆದದ್ದರಲ್ಲೇ ಒಂದಕ್ಕೆ ಕಟ್ಟು ಹಾಕಿಸಿ ಹೂವು ಮುಡಿಸೋಣ ಎಂದು ಅಪ್ಪ ಮಗಳು ಮಾತಾಡಿಕೊಂಡಿದ್ದಾರೆ. ಯಾವುದೆಂದು ನಾನೇ ಹೇಳಬೇಕು. "ಬಂದ ದಿನ ನೋಡಿದವ್ರು ನೀವು. ನಿಮಗ ಯಾವುದು ಭಾಳ ಸೇರಿತ್ತು ಅದನ್ನ ಹೇಳ್ರಿ."

ಒಂದನ್ನು ತೋರಿಸಿಬಿಡಬಹುದಿತ್ತು. ಈಗ ನನಗೆ ನಾನೂರೂ ಕಣ್ಣಿಗೆ ಕಟ್ಟಿದ ಹಾಗಿವೆ. ಮೊಬೈಲ್ ತೆಗೆದೆ, ಮತ್ತೆ ಜೇಬಿಗಿಟ್ಟೆ. ಬಂದ ದಿನ ಒಂದನ್ನೂ ನೋಡಿರಲಿಲ್ಲ, ಸುಮ್ಮನೆ ಒತ್ತುತ್ತಿದ್ದೆ, ಎಲ್ಲವನ್ನೂ ನೋಡಿದ್ದು ಅಕ್ಕ ಹೋದ ಮೇಲೆ ಎಂದು ಹೇಳಿಬಿಟ್ಟೆ.

ಅವರು ಲೋಟವನ್ನು ಬೆಂಚಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ. ರಸ್ತೆಯ ಕಡೆ ನೋಡುತ್ತ ಕೇಳಿದರು.

"ಆಕಿಗಿ ಇದು ಗೊತ್ತಿರಲಿಲ್ಲ ಅಲ್ರಿ?"

ಇಲ್ಲ ಎಂದೆ.

"ಹಂಗಿದ್ರ ಇರ್ಲಿ ಬಿಡ್ರಿ" ಎಂದು ಎದ್ದು ಹೊರಟರು.